ಸೊಲ್ಲು ಹಿಡಿಯುವವರು ಬೇಕಾಗಿದ್ದಾರೆ

ನಮ್ಮ ಸೋದರತ್ತೆಗೆ ಎಪ್ಪತ್ತು ದಾಟಿದೆ ಎಂದು ಆಧಾರ್ ಕಾರ್ಡು ಹೇಳುತ್ತದೆ. ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು ತುಂಬಿಲ್ಲ! ನಂಬುವುದಿಲ್ಲವೇ? ಯುಗಾದಿಗೆ ಅವಳ ಊರು ಅರಕೆರೆಗೆ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅತ್ತೆ ನನ್ನ ತಲೆ ಸವರಿ, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ ಆಶೀರ್ವಾದ ಮಾಡಿದಳು: "ಚಿಂದಿಯಾಗಿರು ಮಗಾ!"

ಹಬ್ಬದ ದಿನ, ಹೊಸ ಬಟ್ಟೆ ಹಾಕಿಕೊಂಡವನಿಗೆ ಈ ಮಾತೇ? ನಾನು ಮುಖ ಹುಳ್ಳಗೆ ಮಾಡಿಕೊಂಡಿದ್ದನ್ನು ಕಂಡು ಅತ್ತೆ ಗದರಿದಳು. "ಅಂಗಂದ್ರೆ ಜೋರಾಗಿರು ಅಂತ ಕಣ್ಲಾ! ಅಷ್ಟೂ ಗೊತ್ತಿಲ್ವಾ? ನೀನ್ಯಾವ ಕಾಲ್ದೋನ್ಲಾ?"

ಕೇಳಿ ಸ್ವಾಮಿ! ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಕೂತವಳು ನನ್ನನ್ನು ಹಳೇ ಕಾಲದವನು ಎನ್ನುತ್ತಾಳೆ!

ಹಿನ್ನೆಲೆ ಹೇಳದಿದ್ದರೆ ನೀವು ಅತ್ತೆಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕೆಟ್ಟಿಲ್ಲ. ಅವಳು ಸೋಬಾನೆ ಹೇಳುವವಳು. ನಮ್ಮ ಕಡೆಯ ಮದುವೆಗಳಲ್ಲಿ ಶಾಸ್ತ್ರಕ್ಕೊಂದು ಪದ. ಅರಿಸಿನ ಹಚ್ಚಲು, ಬಳೆ ತೊಡಿಸಲು, ಹೆಣ್ಣು ಒಪ್ಪಿಸಲು. ಬೀಗಿತಿಯರನ್ನು ಹಂಗಿಸುವ ಪದಗಳಂತೂ ಲೆಕ್ಕವಿಲ್ಲದಷ್ಟು! ಒಬ್ಬಳು ಸೊಲ್ಲು ಹೇಳಬೇಕು, ಉಳಿದವರು ಅದನ್ನು ಹಿಡಿದು ತಿರುಗಿ ಹಾಡಬೇಕು. ಹಿಡಿಯುವವರಿಲ್ಲದೆ ಒಬ್ಬಳೇ ಹಾಡಿಕೊಂಡರೆ ಅದು ಬರೀ ಗೊಣಗಾಟ. ಅತ್ತೆಯ ಜೊತೆಗಾತಿಯರಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬಳು ಮೈಸೂರಿನ ಮಗಳ ಮನೆ ಸೇರಿದ್ದಳು. ಊರಲ್ಲೇ ಉಳಿದವಳಿಗೆ ಹಲ್ಲಿನ ಸೆಟ್ಟು ಕಟ್ಟಿಸಿದ ಮೇಲೆ ಪದವೆಲ್ಲ ಸೀಟಿಯಾಗಿ ಹೊರಡುತ್ತಿತ್ತು.

ಇಂಥ ಹೊತ್ತಿನಲ್ಲೇ ಮೊಮ್ಮಗಳ ಮದುವೆ ಗೊತ್ತಾಗಬೇಕೇ! ಅತ್ತೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ಅದು. ಗಂಡಿನ ಊರು ನಾಗಮಂಗಲದಾಚೆಯ ಬಿಂಡಿಗನವಿಲೆ. ಆ ಮನೆಯ ಹೆಂಗಸರು ಕೆ.ಆರ್. ಪೇಟೆಯ ಒಂದು ಮದುವೆಯಲ್ಲಿ ಹಾಡಿ ಹಾಡಿ, ಹೆಣ್ಣಿನ ಕಡೆಯವರನ್ನು ಅಡುಗೆಮನೆಗೆ ಅಟ್ಟಿದರು ಎಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅಲ್ಲಿಂದ ಅವಳಿಗೆ ಅನ್ನ ಸೇರಲಿಲ್ಲ.

"ಅವ್ರು ನಮ್ಮನ್ನ ಅಂಗಿಸ್ಕಂಡು ಪದ ಯೋಳ್ತಾರೆ. ನಾವು ಬಾಯ್ಗೆ ಬೀಗ ಆಕ್ಕೊಂಡು ಕುಂತಿರಾದಾ? ನಮ್ ಕೂಸು ಮೂಗ್ರ ಮನೆಯಿಂದ ಬಂದ್ಲು ಅನ್ನಕಿಲ್ವಾ?"

ಮೊಮ್ಮಗಳ ಗೆಳತಿಯರನ್ನು ಕರೆದು ಕೂರಿಸಿ, ಒಂದು ಪದ ಹೇಳಿ ತೋರಿಸಿದಳು. ಹುಡುಗಿಯರು ಮೊಬೈಲು ಕೆಳಗಿಟ್ಟು ಮರ್ಯಾದೆಯಿಂದಲೇ ಕೇಳಿದರು. ಮುಗಿದ ಮೇಲೆ ಒಬ್ಬಳು ಮೆಲ್ಲಗೆ ಹೇಳಿದಳು: "ಚೆನ್ನಾಗದೆ ಅಜ್ಜಿ. ಆದ್ರೆ ವೈಬ್ ಇಲ್ಲ."

ಮರುದಿನ ಬೆಳಗ್ಗೆ ಅತ್ತೆ ಪಾಂಡವಪುರದಲ್ಲಿರುವ ನನಗೆ ಫೋನು ಮಾಡಿದಳು. "ಲೋ, ಈ ವೈಬ್ ಅನ್ನಾದು ಪಾಂಡಪುರದಾಗೆ ಸಿಕ್ತದಾ, ಇಲ್ಲಾ ಮೈಸೂರಿಂದ ತರುಸ್ಬೇಕಾ?"

ಅದು ಅಂಗಡಿಯಲ್ಲಿ ಸಿಗುವುದಲ್ಲ, ಒಂಥರಾ ಕಳೆ, ಹುಡುಗಿಯರ ಮಾತಿನಲ್ಲೇ ಇರುವುದು ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ತಗೊಳ್ಳಿ! ಅತ್ತೆ ದಿನಾ ಬೆಳಗ್ಗೆ ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಕಾಲೇಜು ಹೊತ್ತಿನ ಬಸ್ಸು ಹತ್ತತೊಡಗಿದಳು. ಅಲ್ಲಿ ಇವಳಿಗೇನು ಕೆಲಸ? ಏನೂ ಇಲ್ಲ. ಇಳಿದು, ಒಂದು ಲೋಟ ಟೀ ಕುಡಿದು, ಅದೇ ಬಸ್ಸಿಗೆ ವಾಪಸ್ಸು. ದಾರಿಯುದ್ದಕ್ಕೂ ಹುಡುಗಿಯರ ಮಧ್ಯೆ ಕೂತು ಕಿವಿ ನಿಮಿರಿಸುವುದು. ಒಂದು ಹೊಸ ಮಾತು ಕೇಳಿದ ಕೂಡಲೇ ಸೆರಗಿನ ತುದಿಗೆ ಒಂದು ಗಂಟು! ರಾತ್ರಿ ಮಲಗುವ ಮುಂಚೆ ಗಂಟು ಬಿಚ್ಚುವಾಗ, ಯಾವ ಗಂಟಿನಲ್ಲಿ ಯಾವ ಮಾತು ಕಟ್ಟಿದ್ದೆ ಎಂಬುದೇ ಮರೆತುಹೋಗಿರುತ್ತಿತ್ತು. ಆಗ ಮದುಮಗಳನ್ನು ಎಬ್ಬಿಸಿ ಪರೀಕ್ಷೆ.

"ಕಾಗೆ ಆರಿಸಾದು ಅಂದ್ರೆ?"

"ಸುಳ್ಳು ಯೋಳಾದು ಕಣಜ್ಜಿ, ಓಳು ಬುಡಾದು."

"ಸೀನಿಲ್ಲ ಅಂದ್ರೆ?"

"ಆಗಾದೇ ಇಲ್ಲ ಅಂತ. ಮಲೀಕಬುಡಜ್ಜಿ!"

"ಮಲ್ಗಾಕೆ ಸೀನಿಲ್ಲ. ಮುಂದುಕ್ಕೆ ಯೋಳು!"

ಕಲಿತದ್ದನ್ನು ಅತ್ತೆ ಬಳಸದೇ ಬಿಡುವವಳಲ್ಲ. ಮದುವೆಯ ಬಳೆ ತರಲು ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಗೆ ಮೊದಲಿಂದ ಬಳೆ ಕೊಡುವ ಸಾಬರ ಅಂಗಡಿಗೆ ಹೋದೆವು. ಹಸಿರು ಗಾಜಿನ ಬಳೆ ನೋಡಿ ಅತ್ತೆ ಒಂದೇ ಮಾತು: "ಸಾಬ್ರೇ, ನಿಮ್ ಬಳೆ ಚಿಂದಿ!"

ಸಾಬರ ಮುಖ ಕಪ್ಪಿಟ್ಟಿತು. "ಯಾ ಅಲ್ಲಾ! ಅಮ್ಮಾ, ನಮ್ಮಬ್ಬಾ ಕಾಲದಿಂದ ನಿಮ್ಮನೆಗೆ ಬಳೆ ಕೊಟ್ಟಿದೀವಿ. ಈ ಮಾತು ಯಾರೂ ಅಂದಿಲ್ಲ." ಒಳಗಿದ್ದ ಅವರ ಮಗಳು ನಕ್ಕೂ ನಕ್ಕೂ ಬಾಗಿಲಿಗೆ ಒರಗಿಕೊಂಡಳು. ಅಪ್ಪನಿಗೆ ಅರ್ಥ ಬಿಡಿಸಿ ಹೇಳಿ, ಅತ್ತೆಯ ಕೈಗೆ ತಾನೇ ಬಳೆ ತೊಡಿಸಿ, ಮದುವೆಗೆ ಬಂದೇ ಬರುತ್ತೇನೆ ಎಂದಳು. ಅತ್ತೆ ತಕ್ಷಣ ಕೇಳಿದಳು: "ಸೊಲ್ಲು ಇಡೀತೀಯಾ?"

ಲಗ್ನಪತ್ರಿಕೆಯದು ಇನ್ನೊಂದು ರಾಮಾಯಣ. ಪಾಂಡವಪುರದಲ್ಲಿ ನನ್ನದು ಪತ್ರಿಕೆ ಅಚ್ಚು ಹಾಕುವ ಅಂಗಡಿ. 'ತಮ್ಮ ಆಗಮನಾಭಿಲಾಷಿಗಳು' ಎಂದು ನಾನು ಜೋಡಿಸಿದ್ದನ್ನು ಅತ್ತೆ ಒಪ್ಪಲಿಲ್ಲ. "ಇದು ಯಾರ್ಗ್ಲಾ ಅರ್ತಾಯ್ತದೆ? 'ಬಂದ್ರೆ ಬೆಂಕಿ, ಬರ್ದಿದ್ರೆ ನಿಮ್ಗೇ ಲಾಸು' ಅಂತ ಆಕು! ಬೆಂಕಿ ಅಂದ್ರೆ ಬೊಂಬಾಟು ಕಣ್ಲಾ!"

"ಅತ್ತೆ, ಮುಹೂರ್ತದ ಪಕ್ಕದಲ್ಲಿ ಬೆಂಕಿ ಅಂತ ಹಾಕ್ತಾರಾ? ಛತ್ರದವರು ನೋಡಿದ್ರೆ ಅಡ್ವಾನ್ಸು ವಾಪಸ್ ಕೊಟ್ಟುಬಿಡ್ತಾರೆ!"

"ಓಗ್ಲಾ, ನಿಂದು ಡಬ್ಬ ಅಂಗ್ಡಿ!"

ನಾನೇ ಗೆದ್ದೆ, ಪತ್ರಿಕೆ ಸಂಪ್ರದಾಯದಂತೆ ಅಚ್ಚಾಯಿತು. ಆದರೆ ಅದೇ ಸಂಜೆ ಮೊಮ್ಮಗಳ ಗೆಳತಿಯರೂ ಬಸ್ಸಿನ ಕಾಲೇಜು ಹುಡುಗಿಯರೂ ಸೇರಿ ಅತ್ತೆಯನ್ನು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, ಅವಳ ಬಾಯಲ್ಲೇ ಆ ಮಾತು ಹೇಳಿಸಿ, ವಿಡಿಯೊ ಮಾಡಿ ಊರಿಗೆಲ್ಲ ಕಳಿಸಿಬಿಟ್ಟರು. ಬಂದ ನೆಂಟರಲ್ಲಿ ನನ್ನ ಪತ್ರಿಕೆ ನೋಡಿದೆ ಎಂದವರು ಒಬ್ಬರೂ ಇಲ್ಲ!

ನಾಗಮಂಗಲದ ಛತ್ರದಲ್ಲಿ ಧಾರೆ ಮುಗಿಯಿತು. ಮುಗಿಯುವುದನ್ನೇ ಕಾಯುತ್ತಿದ್ದ ಬಿಂಡಿಗನವಿಲೆಯ ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತರು. ಗಂಡಿನ ದೊಡ್ಡಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

"ಅರಕೆರೆ ಬೀಗಿತಿ ಆಡಂಬ್ರ ನೋಡಿ,
ಅರೆಪಾವು ಅಕ್ಕಿಗೆ ಅಟ್ಟಿ ತುಂಬ ನೆಂಟ್ರು!"

ಅಬ್ಬಾ, ಅದೇನು ದನಿ! ಅವಳ ಹಿಂದೆ ಅಷ್ಟೂ ಹೆಂಗಸರು ಸೊಲ್ಲು ಹಿಡಿದಾಗ ಛತ್ರದ ತಗಡು ನಡುಗಿತು. ನಮ್ಮ ಕಡೆಯವರು ನೆಲ ನೋಡತೊಡಗಿದರು. ಅತ್ತೆ ಎಲೆಯಡಿಕೆ ಉಗಿದು ಬಂದು, ಎದುರಿಗೆ ಕೂತು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಬಿಂಡಿಗನೌಲೆ ಬೀಗಿತಿ ಬಿಲ್ಡಪ್ಪು ನೋಡಿ,
ಬಂದಿದ್ದು ಡಬ್ಬ ಬಸ್ಸು, ಬುಟ್ಟಿದ್ದು ಓಳು!
ನಮ್ ಎಣ್ಣು ಬೆಂಕಿ ಕಣೆ, ನಿಮ್ ಗಂಡಿಗೆ ಸೀನಿಲ್ಲ!"

ಕೂಡಲೇ ಹಿಂದಿನಿಂದ ಕಾಲೇಜಿನ ಅಷ್ಟೂ ಹುಡುಗಿಯರು, ಬಳೆ ಸಾಬರ ಮಗಳು ಎಲ್ಲರಿಗಿಂತ ಮುಂದೆ, "ನಿಮ್ ಗಂಡಿಗೆ ಸೀನಿಲ್ಲ!" ಎಂದು ಸೊಲ್ಲು ಹಿಡಿದರು ನೋಡಿ!

ಆದರೆ ಬೀಗಿತಿಯರು ಉತ್ತರ ಕೊಡುವುದು ಹೇಗೆ? ಇವಳು ಬೈದಳೋ ಹೊಗಳಿದಳೋ ಅದೇ ತಿಳಿಯಲಿಲ್ಲ. ತಲೆಗೆ ತಲೆ ಕೊಟ್ಟು ಪಿಸುಗುಟ್ಟಿ, ಕೊನೆಗೆ ಅರ್ಥ ಹೇಳಲು ತಮ್ಮ ಹುಡುಗಿಯರನ್ನು ಕರೆದರು. ಅವರು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕು, ಸೀದಾ ಎದ್ದು ನಮ್ಮ ಕಡೆಯ ಚಾಪೆಗೆ ಬಂದು ಕೂತುಬಿಟ್ಟರು!

"ಲೇ, ನೀವು ಗಂಡಿನ ಕಡೇರು ಕಣ್ರೇ!" ಎಂದು ದೊಡ್ಡಮ್ಮ ಕೂಗಿದಳು. ಕೇಳುವವರು ಯಾರು?

ಮಧ್ಯಾಹ್ನ ಊಟವಾಗಿ, ಹೆಣ್ಣು ಒಪ್ಪಿಸುವ ಹೊತ್ತು ಬಂತು. ಅತ್ತೆ ಮೊಮ್ಮಗಳ ಕೈಯನ್ನು ಬೀಗಿತಿಯ ಕೈಯಲ್ಲಿಟ್ಟಳು. ಈಗ ಯಾವ ಹೊಸ ಮಾತೂ ಇರಲಿಲ್ಲ. ಅವಳ ಅವ್ವನಿಂದ ಬಂದ ಹಳೇ ಧಾಟಿ, ಸಣ್ಣ ದನಿ.

"ಕಾಲ್ವೆ ನೀರಲ್ಲಾಡಿದ ಕೂಸು ಬೀಗಿತಿ,
ಮಳೆ ನೋಡಿ ಬದುಕೋ ಊರ್ಗೆ ಬತ್ತಾವ್ಳೆ,
ಬಾಯಾರ್ದಾಗ ಮೊದ್ಲು ಅವ್ಳಿಗೆ ನೀರ್ ಕೊಡ್ರವ್ವ."

ಅಷ್ಟೇ. ಮುಂದಿನ ಸೊಲ್ಲು ಬರಲಿಲ್ಲ. ಅತ್ತೆಯ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಇಷ್ಟು ವರ್ಷ ಊರ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿಕೊಟ್ಟವಳು, ತನ್ನ ಕೂಸಿನ ಕೈ ಬಿಡಲಾಗದೆ ತಲೆ ತಗ್ಗಿಸಿ ನಿಂತುಬಿಟ್ಟಳು.

ಆಗ ಹುಡುಗಿಯರು ಹಿಡಿದರು. ಅವರಿಗೆ ಆ ಪದದ ಮುಂದಿನ ಸಾಲು ಗೊತ್ತಿಲ್ಲ, ಈಗ ತಾನೇ ಕೇಳಿದ್ದು ಇದೊಂದೇ. ಅದನ್ನೇ ಹಾಡಿದರು. 'ಬಾಯಾರ್ದಾಗ ಮೊದ್ಲು ಅವ್ಳಿಗೆ ನೀರ್ ಕೊಡ್ರವ್ವ.' ಅತ್ತೆ ಅಳುತ್ತಿದ್ದಳು, ಮತ್ತೆ ಅದನ್ನೇ ಹಾಡಿದರು. ಬಿಂಡಿಗನವಿಲೆಯ ದೊಡ್ಡಮ್ಮ ಬಂದು ಅತ್ತೆಯ ಹೆಗಲು ಹಿಡಿದುಕೊಂಡು ದನಿ ಸೇರಿಸಿದಳು. ಗಂಡಸರು ಸೋಬಾನೆಗೆ ದನಿ ಕೂಡಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನೂ ಕೂಡಿಸಿದೆ. ಅತ್ತೆ ತಲೆ ಎತ್ತಿ ಮುಂದಿನ ಸೊಲ್ಲು ಹೇಳುವವರೆಗೂ ಯಾರೂ ಅದನ್ನು ಕೆಳಗೆ ಬೀಳಲು ಬಿಡಲಿಲ್ಲ.