‘ಮೌನ’ವನ್ನು ಬಾರಿಸಿದ್ದಕ್ಕೆ ಕ್ಷಮಾಪಣೆ

ಕೋಲಾರ, ೧೯೪೬

ಉಕ್ಕನ್ನು ಪಳಗಿಸಿದವರೂ ಬೆಸುಗೆಬ್ರಹ್ಮರೂ ಆದ ಶಿಲ್ಪಿ ಸುಬ್ಬರಾಯಪ್ಪನವರ ಸನ್ನಿಧಿಗೆ,

ಮಾನ್ಯರೇ,

ಇಂಟರ್‌ಮೀಡಿಯೆಟ್ ಮೊದಲ ವರ್ಷದ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕೃತಿಯ ಮೇಲೆ ಕೈಮಾಡಿದ್ದಕ್ಕೆ ಎಲ್ಲರೂ ಓದುವಂತೆ ಅಪಾಲಜಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಕು, ಇಲ್ಲವಾದರೆ ಶನಿವಾರ ಟ್ರಂಕು ಹೊತ್ತು ನಮ್ಮೂರು ಸುಗಟೂರಿನ ಬಸ್ಸು ಹತ್ತಬೇಕು ಎಂದು ವಾರ್ಡನ್ನರು ಅಪ್ಪಣೆ ಮಾಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ತಮ್ಮ ಕೀರ್ತಿ ನಾನು ಬಲ್ಲೆ ಸರ್. ಮಾಲೂರಿನಲ್ಲಿ ಹಳೆಯ ನೇಗಿಲ ಗುಳಗಳನ್ನು ಬೆಸೆದು ತಾವು ನಿಲ್ಲಿಸಿದ ‘ಪ್ರಗತಿ’ಗೆ ಎಮ್ಮೆಗಳು ದಿನವೂ ಮೈಯುಜ್ಜಿ ಗೌರವ ಸಲ್ಲಿಸುತ್ತಿವೆ. ಶ್ರೀನಿವಾಸಪುರದ ‘ಮಾತೃತ್ವ’ದ ಮೇಲೆ ಸೀರೆಗಳು ಚೆನ್ನಾಗಿ ಒಣಗುತ್ತವೆ. ಮುಳಬಾಗಿಲಿನ ‘ಅನಂತ’ವನ್ನು ಕಂಡ ಜಟಕಾ ಪೀರ್ ಸಾಬರು, ಕುದುರೆ ಕಟ್ಟಲು ಇಂಥ ಗೂಟ ಮೈಸೂರು ಸೀಮೆಯಲ್ಲೇ ಇಲ್ಲವೆಂದು ಕೊಂಡಾಡಿದರಂತೆ. ಇಷ್ಟು ಉಪಯೋಗಕ್ಕೆ ಬರುವ ಮಾಡರ್ನ್ ಆರ್ಟನ್ನು ಅರ್ಥವಾಗದ್ದೆಂದು ಜರೆಯುವವರ ನಾಲಿಗೆಗೂ ಒಂದು ಬೆಸುಗೆ ಬೀಳಲಿ.

ಆಮೇಲೆ ತಮ್ಮ ಕೃಪಾದೃಷ್ಟಿ ನಮ್ಮ ಹಾಸ್ಟೆಲಿನ ಗಂಟೆಯ ಮೇಲೆ ಬಿತ್ತು. ಗಂಟೆಯೆಂದರೆ ಟೇಕಲ್ ಸ್ಟೇಷನ್ನಿನಿಂದ ಯಾರೋ ತಂದು ಹೊಂಗೆಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಅಡುಗೆಯ ಆಂಜಿನಪ್ಪ ಅದನ್ನು ಬಡಿದರೆ ಏಳುತ್ತಿದ್ದೆವು, ಬಡಿದರೆ ಉಣ್ಣುತ್ತಿದ್ದೆವು, ಬಡಿದರೆ ಪರೀಕ್ಷೆಗೆ ಓಡುತ್ತಿದ್ದೆವು. ತಾವು ಅದನ್ನಿಳಿಸಿ, ಮುರಿದ ಸೈಕಲ್ ಚಕ್ರವನ್ನೂ ತೂತು ಬಾಣಲೆಯನ್ನೂ ಸೇರಿಸಿ ಬೆಸೆದು, ಅಂಗಳದ ಕಟ್ಟೆಯ ಮೇಲೆ ನಿಲ್ಲಿಸಿ ‘ಮೌನ’ವೆಂದು ಹೆಸರಿಟ್ಟಿರಿ. ಹೆಸರು ಸಾರ್ಥಕವಾಯಿತು. ಸೋಮವಾರ ಲಾಜಿಕ್ ಪರೀಕ್ಷೆಯ ಹೊತ್ತು ಮೀರುವವರೆಗೂ ಇಡೀ ಹಾಸ್ಟೆಲು ನೆಮ್ಮದಿಯಾಗಿ ಮಲಗಿತ್ತು.

ಮಂಗಳವಾರ ಮುದ್ದೆ ಆರಿಹೋಗುವುದನ್ನು ನೋಡಲಾರದೆ ಆಂಜಿನಪ್ಪ, “ಲೇ ಚಿಕ್ಕವೆಂಕಟಾ, ಸುಮ್ನೆ ನಿಂತ್ಕಂಡ್ ನೋಡ್ತೀಯೇನ್ಲಾ? ಹೋಗಿ ಆ ಕಂಬಿ ಸಾಮಿ ಬೆನ್ಮೇಲೆ ಎರಡು ಬಿಡು!” ಎಂದು ಕಬ್ಬಿಣದ ಸೌಟು ಕೈಗಿತ್ತ. ಬಿಟ್ಟೆ. ಕಟ್ಟೆಯ ಆಚೆ ಬದಿಯಲ್ಲಿ ಬೆಂಗಳೂರಿನ ಮಹನೀಯರಿಬ್ಬರಿಗೆ ಕೃತಿಯ ಒಳಾರ್ಥ ಬಿಡಿಸಿ ಹೇಳುತ್ತಿದ್ದ ತಾವು ಹೌಹಾರಿದಿರಿ. ಅಷ್ಟು ಹೊತ್ತಾದರೂ ಆ ಮಹನೀಯರಿಗೆ ಆಗದ ಅರ್ಥ, ತಟ್ಟೆ ಹಿಡಿದು ಓಡಿಬಂದ ಹುಡುಗರಿಗೆ ಒಂದೇ ಏಟಿಗೆ ಆಗಿತ್ತು.

ಕ್ಷಮಿಸಬೇಕು. ತಮ್ಮ ಕಲೆಯತ್ತ ಜನ ಓಡಿಬಂದ ಮೊಟ್ಟಮೊದಲ ಸಂದರ್ಭಕ್ಕೆ ಸೌಟು ಕಾರಣವಾದದ್ದು ಮಹಾಪರಾಧವೇ. ಇನ್ನು ನಮ್ಮ ಹಸಿವನ್ನೂ ಕಳಚಿ ಕಟ್ಟೆಯ ಮೇಲೆ ಬೆಸೆದುಬಿಡಿ. ಸೂರ್ಯನಿಗೊಂದು ನಾಲಿಗೆ ಅಂಟಿಸಿ, ಬೆಳಿಗ್ಗೆ ಅವನೇ ಕೂಗಿ ಎಬ್ಬಿಸಲಿ.

ತಮ್ಮ ವಿಶ್ವಾಸಿ, ಶನಿವಾರದವರೆಗಾದರೂ ಈ ಹಾಸ್ಟೆಲಿನವನು,
ಚಿಕ್ಕವೆಂಕಟಪ್ಪ

ಮರೆತ ಮಾತು: ಲಾಜಿಕ್ ಪರೀಕ್ಷೆಯನ್ನು ನಾಳೆ ಬೆಳಿಗ್ಗೆ ಮತ್ತೆ ಇಟ್ಟಿದ್ದಾರೆ. ವಾರ್ಡನ್ನರು ಈಗಷ್ಟೇ ಬಂದು, ಆ ಸೌಟನ್ನು ಕಟ್ಟೆಯ ಪಕ್ಕದಲ್ಲೇ ಇಟ್ಟಿರಬೇಕೆಂದೂ ಬೆಳಿಗ್ಗೆ ಖುದ್ದಾಗಿ ಎದ್ದು ‘ಮೌನ’ಕ್ಕೆ ಎರಡು ಬಿಡುವುದಾಗಿಯೂ ಆಂಜಿನಪ್ಪನ ಕಿವಿಯಲ್ಲಿ ಹೇಳಿಹೋದರು. ಅವರ ಅಪಾಲಜಿಗೆ ಬೋರ್ಡಿನಲ್ಲಿ ಜಾಗ ಬಿಟ್ಟೇ ಇದನ್ನು ಅಂಟಿಸುತ್ತಿದ್ದೇನೆ.