ಚಿಕ್ಕಪ್ಪನ ವೈರಿಲ್ಲದ ವ್ಯಾಪಾರ

೨೦೧೧ರ ಜೂನ್ ೧೨, ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ನಮ್ಮ ಚಿಕ್ಕಪ್ಪ ನೆಲ ನೋಡಿಕೊಂಡು ನಡೆಯುವುದನ್ನು ಬಿಟ್ಟದ್ದು ಈ ಗಳಿಗೆಯಲ್ಲಿ. ನನ್ನ ಡೈರಿಯಲ್ಲಿದೆ, ಬೇಕಾದರೆ ತೋರಿಸುತ್ತೇನೆ. ಹಾಲು ತರಲು ಹೋದವರು ಯಲಹಂಕದ ಪಕ್ಕದ ನಮ್ಮೂರು ಸಿಂಗಾಪುರದ ಮನೆಗಳ ತಾರಸಿಗಳನ್ನೇ ನೋಡುತ್ತ ಬಂದು, ಮೂರು ಕಡೆ ಎಡವಿ, ಒಂದು ಪ್ಯಾಕೆಟ್ ಒಡೆದುಕೊಂಡಿದ್ದರು. ಆದರೂ ಮುಖದಲ್ಲಿ ಲಾಟರಿ ಹೊಡೆದವರ ಕಳೆ!

“ವೈರಿನ ಕಾಲ ಮುಗೀತು ಕಣೇ,” ಎಂದರು ನನಗೆ, ಹಾಲು ಸೋರುತ್ತಿರುವಾಗಲೇ. “ಇನ್ನೇನಿದ್ರೂ ಗಾಳೀಲೇ ಇಂಟರ್ನೆಟ್ಟು.”

ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಚಿಕ್ಕಪ್ಪ ಹದಿನಾಲ್ಕು ವರ್ಷ ಕೇಬಲ್ ಟಿವಿಯ ವೈರ್ ಎಳೆದೇ ಸಂಸಾರ ನಡೆಸಿದವರು. ನಮ್ಮ ಕಡೆಯ ಒಂದೊಂದು ಕಂಬವನ್ನೂ ಅಪ್ಪಿಕೊಂಡವರು. ಅಂಥವರೇ ವೈರಿನ ಮೇಲೆ ಮುನಿಸಿಕೊಂಡರೆ ಹೇಗೆ?

ಯೋಜನೆಯೇನೋ ಸರಳವಾಗಿತ್ತು. ಹೆಬ್ಬಾಳದ ಎತ್ತರದ ಕಟ್ಟಡವೊಂದರ ಮೇಲಿಂದ ಒಂದು ಕಂಪನಿ ಇಂಟರ್ನೆಟ್ಟನ್ನು ಗಾಳಿಯಲ್ಲಿ ಕಳಿಸುತ್ತದೆ. ನಮ್ಮ ತಾರಸಿಯ ಮೇಲಿನ ಡಿಶ್ ಅದನ್ನು ಹಿಡಿಯುತ್ತದೆ. ಇಲ್ಲಿಂದ ಅಕ್ಕಪಕ್ಕದ ಮನೆಗಳ ಪುಟ್ಟ ಡಿಶ್ಶುಗಳಿಗೆ ಹಂಚುವುದು ಚಿಕ್ಕಪ್ಪನ ವ್ಯಾಪಾರ. ನಡುವೆ ಮರ, ಕಟ್ಟಡ, ನೀರಿನ ಟ್ಯಾಂಕು ಯಾವುದೂ ಅಡ್ಡ ಬರಬಾರದು, ಅಷ್ಟೆ.

ಅಡ್ಡ ಬಂದದ್ದು ಚಿಕ್ಕಮ್ಮ.

“ದೀಪಾವಳಿ ಹೊತ್ತಿಗೆ ಹತ್ತು ಮನೆ ಸೇರ್ಬೇಕು. ಸೇರ್ಲಿಲ್ವಾ, ಸುಮ್ನೆ ನಮ್ಮಣ್ಣನ ಅಂಗಡೀಲಿ ಹೋಗಿ ಕೂತ್ಕೊಳ್ಳಿ.”

ಅಣ್ಣನ ಅಂಗಡಿಯೆಂದರೆ ಯಶವಂತಪುರದ ಪೈಪು, ನಲ್ಲಿಗಳ ಅಂಗಡಿ. ಹಿಂದೊಮ್ಮೆ ಚಿಕ್ಕಪ್ಪ ಅಲ್ಲಿ ಒಂದೇ ಒಂದು ದಿನ ಕೂತಿದ್ದರು. ಸಂಜೆ ಮನೆಗೆ ಬಂದು, “ಅಲ್ಲಿ ಆಕಾಶಾನೇ ಇಲ್ಲ ಕಣೇ,” ಎಂದವರು ಊಟ ಮಾಡದೆ ಮಲಗಿದ್ದರು. ಆದ್ದರಿಂದ ಹತ್ತು ಎಂಬುದು ನಮಗೆ ಬರೀ ಅಂಕಿಯಾಗಿರಲಿಲ್ಲ. ಬಿ.ಕಾಂ. ಎರಡನೇ ವರ್ಷದಲ್ಲಿದ್ದ ನಾನು ಡೈರಿಯಲ್ಲಿ ಹತ್ತು ಚೌಕಗಳನ್ನು ಬರೆದು, ಲೆಕ್ಕ ಇಡುವ ಹುದ್ದೆಯನ್ನು ನಾನೇ ವಹಿಸಿಕೊಂಡೆ.

ಮೊದಲು ಸರ್ವೇ. ಎಲ್ಲಿಂದಲೋ ಒಂದು ದುರ್ಬೀನು ತಂದ ಚಿಕ್ಕಪ್ಪ ಬೆಳಗ್ಗೆ ಸಂಜೆ ಊರಿನ ತಾರಸಿಗಳನ್ನು ಪರೀಕ್ಷಿಸತೊಡಗಿದರು. ಚಿಕ್ಕಬಾಣಾವರದ ಕಡೆಗೊಂದು ಸಲ, ಹೆಬ್ಬಾಳದ ಕಡೆಗೊಂದು ಸಲ. ತಾರಸಿಗಳಲ್ಲಿ ಬಟ್ಟೆ ಒಣಹಾಕುವ ಹೆಂಗಸರಿರುತ್ತಾರೆ ಎಂಬುದು ಈ ತಂತ್ರಜ್ಞಾನಿಗೆ ಹೊಳೆದಿರಲೇ ಇಲ್ಲ! ನಾಲ್ಕನೇ ದಿನ ಹಿಂದಿನ ಬೀದಿಯ ಅಜ್ಜಿಯೊಬ್ಬರು ಕೈಯಲ್ಲಿ ಕಡ್ಡಿಪೊರಕೆ ಹಿಡಿದು ನಮ್ಮ ಗೇಟಿಗೇ ಬಂದರು.

“ಏನಪ್ಪಾ, ಇಂಗಾ ನೋಡಾದು? ಮಾನಮರ್ವಾದೆ ಬ್ಯಾಡ್ವಾ ನಿಂಗೆ?”

“ಅಯ್ಯೋ ಅಜ್ಜಿ, ನಿಮ್ಮನ್ನಲ್ಲ, ನಿಮ್ಮ ಟ್ಯಾಂಕ್ ನೋಡ್ತಿದ್ದೆ!”

“ಟ್ಯಾಂಕ್‌ನಲ್ಲಿ ಏನೈತೆ ನೋಡಾಕೆ?”

ಚಿಕ್ಕಪ್ಪ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಮುಕ್ಕಾಲು ಗಂಟೆ ಗಾಳಿಯ ಮಹಿಮೆಯನ್ನು ವಿವರಿಸಿದರು. ಅಜ್ಜಿ ಪೊರಕೆಯನ್ನು ನಮ್ಮ ಮನೆಯಲ್ಲೇ ಮರೆತು ಹೋದರು. ಸಂಜೆ ಅವರ ಮೊಮ್ಮಗ ಬಂದು ಹೆಸರು ಬರೆಸಿದ. ಮೊದಲ ಚೌಕ ತುಂಬಿತು!

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಎಂಟು ಚೌಕ ತುಂಬಿದ್ದವು. ಚಿಕ್ಕಪ್ಪನ ಮೀಸೆ ತಾನಾಗಿಯೇ ಮೇಲೇರಿತ್ತು. “ಇನ್ನೆರಡು ಮನೆ! ಆಮೇಲೆ ಇಡೀ ಯಲಹಂಕ ನಮ್ದೇ!” ಎನ್ನುತ್ತಿದ್ದರು. ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮಲ್ಲಿ ಆಯುಧಪೂಜೆಯೆಂದರೆ ಸ್ಕೂಟರಿನಿಂದ ಹಿಡಿದು ಸ್ಕ್ರೂಡ್ರೈವರಿನವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಅನ್ನ ಕೊಡುವ ಡಿಶ್ಶನ್ನು ಬಿಡಲಾದೀತೇ? ಅದಕ್ಕೆ ಚೆಂಡುಹೂವಿನ ಹಾರ ಬಿತ್ತು, ವಿಭೂತಿ ಬಿತ್ತು, ನಿಂಬೆಹಣ್ಣು ಬಿತ್ತು. ಅದಾದ ಮೂರನೇ ದಿನ ಗಿರಾಕಿಗಳ ಫೋನುಗಳೂ ಒಂದರ ಹಿಂದೊಂದು ಬಿದ್ದವು.

“ಏನ್ ಗುರು, ಒಂದು ಫೋಟೋ ಬರೋಕೆ ಅರ್ಧ ಗಂಟೆ! ಮೊದಲು ಹಣೆ ಬಂತು, ಮೂಗು ಇನ್ನೂ ದಾರೀಲಿದೆ!”

ಚಿಕ್ಕಪ್ಪ ಹೊಸ ಕಟ್ಟಡವನ್ನು ಬೈದರು, ಏರ್‌ಪೋರ್ಟಿನ ವಿಮಾನಗಳನ್ನು ಬೈದರು, ಡಿಶ್ಶಿನ ಮೇಲೆ ಕೂರುತ್ತಿದ್ದ ಕಾಗೆಯನ್ನಂತೂ ಹೆಸರಿಟ್ಟು ಬೈದರು. ಎಂಟರಲ್ಲಿ ಎರಡು ಮನೆಯವರು ಬಿಡುವುದಾಗಿ ಹೇಳಿದರು. ಚಿಕ್ಕಮ್ಮನ ಅಣ್ಣ ಫೋನ್ ಮಾಡಿ, “ಭಾವ, ಗಲ್ಲಾ ಪಕ್ಕ ಒಂದು ಸ್ಟೂಲ್ ಹಾಕ್ಸಿದ್ದೀನಿ,” ಎಂದರು. ಆ ರಾತ್ರಿ ಚಿಕ್ಕಪ್ಪ ಮತ್ತೆ ಊಟ ಮಾಡಲಿಲ್ಲ.

ನನಗೆ ಗೊತ್ತಿರುವ ಮದ್ದು ಒಂದೇ. ಡೈರಿ ತೆರೆದು, ಗಂಟೆಗೊಮ್ಮೆ ಬರೆದಿಡುತ್ತಿದ್ದ ಇಂಟರ್ನೆಟ್ ವೇಗವನ್ನು ತಿರುವಿ ನೋಡಿದೆ. ಪೂಜೆಯ ದಿನ ಹನ್ನೊಂದು ಗಂಟೆಯವರೆಗೆ ಎಲ್ಲ ಸರಿಯಿತ್ತು. ಹನ್ನೆರಡಕ್ಕೆ ಪಾತಾಳ! ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ನಡೆದದ್ದೇನು? ತಾರಸಿಗೆ ಓಡಿದೆ. ಡಿಶ್ಶಿನ ಮುಖಕ್ಕೆ ಸರಿಯಾಗಿ, ಒಂದು ಗೇಣು ದೂರದಲ್ಲಿ, ಗೂಟಕ್ಕೆ ಕಟ್ಟಿದ ಹಗ್ಗದಲ್ಲಿ ತೂಗುತ್ತಿತ್ತು ಬೂದುಗುಂಬಳಕಾಯಿ! ಐದು ಕೆಜಿಗೆ ಕಡಿಮೆಯಿಲ್ಲ. ಒಳಗೆಲ್ಲ ನೀರು. ಹೆಬ್ಬಾಳದಿಂದ ಅಷ್ಟು ದೂರ ಹಾರಿ ಬಂದ ಇಂಟರ್ನೆಟ್ಟೆಲ್ಲ ಆ ಕಾಯಿಯೊಳಗೆ ಮುಳುಗಿ ಹೋಗುತ್ತಿತ್ತು.

“ದೃಷ್ಟಿಗೆ ಕಟ್ಟಿದ್ದು,” ಎಂದರು ಚಿಕ್ಕಮ್ಮ. “ಮುಂದೆ ಕಟ್ದೆ ಇನ್ನೆಲ್ಲಿ ಕಟ್ಲಿ? ಕಣ್ಣು ಬೀಳೋದು ಮುಂದಿಂದ ತಾನೆ?”

“ತೆಗೆದುಬಿಡ್ಲಾ?”

“ಮುಟ್ಟೀಯ ಜೋಕೆ! ಅದು ತಾನಾಗೇ ಬೀಳ್ಬೇಕು.”

ಕುಂಬಳಕಾಯಿ ಕೊಳೆತು ಬೀಳುವ ಹೊತ್ತಿಗೆ ವ್ಯಾಪಾರ ಬಿದ್ದಿರುತ್ತದೆ! ಒಂದೂವರೆ ಗಂಟೆ ಸಂಧಾನ ನಡೆಯಿತು. ಕೊನೆಗೆ ಅದನ್ನು ಕೆಳಗಿಳಿಸದೆ, ಹಾಗೇ ಎತ್ತಿ ಹಿಡಿದು, ಡಿಶ್ಶಿನ ಬೆನ್ನ ಹಿಂದೆ ಕಟ್ಟುವುದೆಂದು ತೀರ್ಮಾನವಾಯಿತು. ಮರುಕ್ಷಣ ವೇಗ ಗಗನಕ್ಕೇರಿತು. ಚಿಕ್ಕಮ್ಮನೂ ಸಮಾಧಾನ ಮಾಡಿಕೊಂಡರು: “ಹೋಗ್ಲಿ ಬಿಡಿ, ಹಿಂದಿನಿಂದ ಕಣ್ಣು ಹಾಕೋರೇ ಈಗ ಜಾಸ್ತಿ.”

ಸುದ್ದಿ ಬೀದಿಯೆಲ್ಲ ಹಬ್ಬಿತು. ಬಿಡುತ್ತೇವೆ ಎಂದಿದ್ದ ಇಬ್ಬರೂ ನಕ್ಕು ಉಳಿದರು. ಮೂಲೆಮನೆಯ ನಿವೃತ್ತ ಮೇಷ್ಟರು ಗಂಭೀರವಾಗಿ ಬಂದರು. “ಅಷ್ಟು ದಪ್ಪ ಕಾಯಿ ಅಡ್ಡ ಇದ್ರೂ ಹಣೆವರೆಗೆ ಬರ್ತಿತ್ತಂತಲ್ಲ, ಅಂದ್ರೆ ಗಟ್ಟಿ ಮಾಲೇ ಕಣ್ರೀ. ನಮಗೂ ಒಂದು ಹಾಕಿ.” ಒಂಬತ್ತು!

ಹತ್ತನೆಯದು ಮಾತ್ರ ಸಿಗಲಿಲ್ಲ. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ ಎಲ್ಲರೂ ಕೂತಿದ್ದೆವು.

“ಎಷ್ಟು ಮನೆ ಆಯ್ತು?” ಚಿಕ್ಕಮ್ಮ ಕೇಳಿದರು.

“ಒಂಬತ್ತು,” ಎಂದರು ಚಿಕ್ಕಪ್ಪ. ಯಶವಂತಪುರದ ಸ್ಟೂಲು ಅವರ ಕಣ್ಣ ಮುಂದಿತ್ತು.

ನನಗೆ ತಡೆಯಲಾಗಲಿಲ್ಲ. “ಚಿಕ್ಕಪ್ಪ, ಕಂಪ್ಯೂಟರಿನಲ್ಲಿ ಹತ್ತು ಡಿಶ್ ತೋರಿಸ್ತಿದೆ! ಹದಿನೈದು ದಿನದಿಂದ ನೋಡ್ತಿದ್ದೀನಿ. ಹತ್ತನೇದು ಸಂಜೆ ಏಳಕ್ಕೆ ಶುರುವಾಗಿ ಎಂಟಕ್ಕೆ ನಿಲ್ಲುತ್ತೆ.”

ಚಿಕ್ಕಪ್ಪ ಕಳ್ಳನಂತೆ ತಲೆ ತಗ್ಗಿಸಿದರು. “ಅದು ಲೆಕ್ಕಕ್ಕಿಲ್ಲ ಕಣೇ. ಅವನ ಹತ್ರ ನಾನೇನೂ ತಗೊಳ್ಳಲ್ಲ.”

ಅವನು ಬಸ್‌ಸ್ಟಾಪಿನ ಹತ್ತಿರದ ದರ್ಜಿ. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಹೆಂಡತಿಯೂ ಹಾಗೇ. ಅವಳು ಹೆರಿಗೆಗೆಂದು ಹಾಸನದ ತವರಿಗೆ ಹೋಗಿದ್ದಳು.

“ಅವರು ಮಾತಾಡೋದು ಕೈಯಲ್ಲಿ,” ಎಂದರು ಚಿಕ್ಕಪ್ಪ. “ಫೋನ್ ಇಟ್ಕೊಂಡು ಏನ್ ಮಾಡ್ತಾನೆ? ಅವಳು ಅಲ್ಲಿ ಮನೆ ಪಕ್ಕದ ಸೈಬರ್ ಸೆಂಟರಲ್ಲಿ ಕೂರ್ತಾಳೆ, ಇವನಿಲ್ಲಿ ಕ್ಯಾಮೆರಾ ಮುಂದೆ ಕೂರ್ತಾನೆ. ಒಂದು ಗಂಟೆ. ನಮ್ಮ ಹಳೇ ಕಂಪ್ಯೂಟರು ರಿಪೇರಿಗೆ ಹೋಗಿದೆ ಅಂದಿದ್ನಲ್ಲ, ಸುಳ್ಳು, ಅವನ ಹತ್ರ ಇದೆ.”

ಚಿಕ್ಕಮ್ಮ ನನ್ನ ಕೈಯಿಂದ ಡೈರಿ ಕಿತ್ತುಕೊಂಡು, ಖಾಲಿ ಚೌಕದಲ್ಲಿ ತಾವೇ ಗುರುತು ಹಾಕಿದರು.

“ಹತ್ತು ಮನೆ ಅಂದಿದ್ದೆ. ಕಾಸು ಕೊಡೋ ಮನೆ ಅಂತ ಯಾವಾಗ ಹೇಳ್ದೆ?” ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡು ಒಳಗೆ ಹೋದರು. ಹೋಗುತ್ತಲೇ ಅಣ್ಣನಿಗೆ ಫೋನ್ ಮಾಡಿ, ಸ್ಟೂಲಿನ ಮೇಲೆ ಬೇರೆ ಯಾರನ್ನಾದರೂ ಕೂರಿಸಿಕೊಳ್ಳಲು ಹೇಳಿದರು.

ಮರುವರ್ಷ ಆ ದರ್ಜಿ, ತನ್ನ ಹೆಂಡತಿ ಮಗುವಿರುವ ಹಾಸನಕ್ಕೇ ಹೋಗಿ ನೆಲೆಸಿದ. ಅವನ ವಿಳಾಸ ನಮ್ಮಲ್ಲಿಲ್ಲ. ಆದರೆ ಮೊದಲ ಸಂಜೆ ಪರದೆಯ ಮೇಲೆ ಅವಳ ಮುಖ ಮೂಡಿದಾಗ ಅವನು ಕೈಯಲ್ಲಿ ಆಡಿದ ಮೊದಲ ಮಾತನ್ನು ಚಿಕ್ಕಪ್ಪ ಪಕ್ಕದಲ್ಲೇ ನಿಂತು ನೋಡಿದ್ದರು. ಎರಡೂ ಅಂಗೈಗಳನ್ನು ಎದುರುಬದುರು ತಂದು, ಒಂದಕ್ಕೊಂದು ತಾಗಿಸದೆ ತುಸು ಹೊತ್ತು ಹಿಡಿದು, ಮೆಲ್ಲಗೆ ಎದೆಯ ಕಡೆಗೆ ಎಳೆದುಕೊಳ್ಳುವುದು. ಈಗಲೂ ಹೊಸ ಮನೆಯೊಂದಕ್ಕೆ ಸಂಪರ್ಕ ಸಿಕ್ಕಿದಾಗಲೆಲ್ಲ ಚಿಕ್ಕಪ್ಪ ತಾರಸಿಯ ಮೇಲೆ ಒಬ್ಬರೇ ನಿಂತು ಹಾಗೆ ಮಾಡುತ್ತಾರೆ. ಆ ಸನ್ನೆಯ ಅರ್ಥ ಅವರಿಗೂ ಗೊತ್ತಿಲ್ಲ. ನನ್ನ ಡೈರಿಯಲ್ಲಿ ಅದರ ಮುಂದಿನ ಜಾಗ ಖಾಲಿಯಿದೆ. ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಒಂದು ಸಾಲು ಬರೆಯಿರಿ.