ಮೋಟಾರ್ ಸೈಕಲ್ಲಿಗೆ ಅಳತೆ ತೆಗೆದದ್ದು

ದಿನಚರಿಯಲ್ಲಿ ಈ ಹೊತ್ತು ಮೊದಲು ಒಂದು ದೂರು: ನನ್ನ ಗಂಡ ನನ್ನ ಮೋಟಾರ್ ಸೈಕಲ್ಲಿನಿಂದ ಇಳಿಯುತ್ತಿಲ್ಲ. ಓಡಿಸುತ್ತಲೂ ಇಲ್ಲ. ನಡುಮನೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಮೇಲೆ ಕೂತು, ಹ್ಯಾಂಡಲ್ಲಿಗೆ ಪೇಪರ್ ಒರಗಿಸಿ ಓದುತ್ತಾರೆ. ‘ಇಳೀರಿ’ ಎಂದು ದನಿ ಏರಿಸುವ ನೈತಿಕ ಹಕ್ಕು ನನಗಿಲ್ಲ. ಯಾಕೆಂದು ಬರೆಯುತ್ತೇನೆ.

ಆ ಗಾಡಿಯನ್ನು ಮೊದಲು ಕಂಡದ್ದು ಹಲ್ಲಿನ ಡಾಕ್ಟರ ಮನೆಯ ಶೆಡ್ಡಿನಲ್ಲಿ. (ನೋವು ಅತ್ತೆಯ ಹಲ್ಲಿಗೆ, ಬಿದ್ದದ್ದು ನನ್ನ ಕಣ್ಣಿಗೆ.) ಎಂಬತ್ತು ಸಿಸಿಯ ಪುಟಾಣಿ ಎಂಜಿನ್, ದುಂಡು ದೀಪ, ನೀರಿನ ಹನಿಯಂಥ ಟ್ಯಾಂಕು, ಅಜ್ಜನ ಕಾಲದ ಚೆಲುವು. ಅದನ್ನು ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಊರಿಗೆಲ್ಲ ಇದೊಂದೇ ಉಳಿದಿತ್ತು. ಹತ್ತಿ ಕೂತೆ. ಕುಳ್ಳಿಯಾದ ನನ್ನ ಎರಡೂ ಪಾದ ನೆಲ ಮುಟ್ಟಿದವು! ಹೊಲಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಲು ಬಸ್ಸಿಗೆ ಜೋತುಬೀಳುವ ನನಗೆ ಅದು ಬರಿಯ ಗಾಡಿಯಲ್ಲ, ಸಾಕ್ಷಾತ್ ವಿಮೋಚನೆ.

“ಕೊಡ್ತೀನಮ್ಮ, ಆದ್ರೆ ಬೀದೀಲಿ ನಿಲ್ಲಿಸೋರಿಗಲ್ಲ,” ಎಂದರು ಡಾಕ್ಟರು. “ಮನೆಯೊಳಗೆ ಜಾಗ ಇದ್ರೆ ಹೇಳಿ. ಭಾನುವಾರದವರೆಗೂ ಕಾಯ್ತೀನಿ. ಇನ್ನೊಬ್ರೂ ಕೇಳಿದಾರೆ.”

ನಾನು ಆಗಲೇ ಕೊರಳಿನ ಟೇಪು ತೆಗೆದಿದ್ದೆ. ಊರಿನ ಅರ್ಧ ಜನರ ಸೊಂಟ ಬಲ್ಲ ಟೇಪು ಅದು. ಒಂದು ಅಂಗಿಯೂ ಬಿಗಿಯೆಂದು ವಾಪಸ್ ಬಂದ ಇತಿಹಾಸವಿಲ್ಲ. ಮುಂದಿನ ಚಕ್ರದಿಂದ ಹಿಂದಿನ ಮಡ್‌ಗಾರ್ಡಿನವರೆಗೆ ಎಲ್ಲೂ ಸಡಿಲ ಬಿಡದೆ, ಮೈಗೆ ಅಂಟಿಸಿ ಅಳೆದೆ.

ಮನೆಗೆ ಬಂದು ನಡುಮನೆಯ ನೆಲದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗಾಡಿಯ ನಕ್ಷೆ ಬಿಡಿಸಿದೆ. ಬಾಗಿಲಲ್ಲಿ ಶುರುವಾದ ಅದರ ಮೂತಿ ಹೊಲಿಗೆ ಯಂತ್ರ ದಾಟಿ, ತೊಟ್ಟಿಲು ದಾಟಿ, ಬಾಲ ಹೋಗಿ ಇವರ ಆರಾಮ ಕುರ್ಚಿಯ ಕೆಳಗೆ ತೂರಿಕೊಂಡಿತು.

“ಏನೇ ಇದು, ಹಡಗು ತರ್ತಿದೀಯಾ?” ಎಂದರು ಇವರು.

“ಎಂಬತ್ತೇ ಸಿಸಿ ಕಣ್ರೀ.”

“ಸಿಸಿ ಚಿಕ್ಕದು, ಬಾಲ ದೊಡ್ಡದು. ಇನ್ನೊಂದ್ಸಲ ಅಳೆದು ನೋಡಬಾರ್ದಾ?”

“ಅವಳ ಟೇಪು ಸುಳ್ಳು ಹೇಳಲ್ಲ ಕಣೋ,” ಎಂದರು ಅತ್ತೆ. “ನನ್ನ ಸೊಂಟದ ವಿಷಯದಲ್ಲಿ ಎಷ್ಟು ಬೇಡಿಕೊಂಡ್ರೂ ಹೇಳ್ಲಿಲ್ಲ.”

ಹೊಲಿಗೆ ಯಂತ್ರ ತೆಗೆದರೆ ಸಂಪಾದನೆಯಿಲ್ಲ, ತೊಟ್ಟಿಲು ತೆಗೆದರೆ ನಿದ್ದೆಯಿಲ್ಲ. ಉಳಿದದ್ದು ಕುರ್ಚಿ. ಲೈಬ್ರರಿಯಲ್ಲಿ ದಿನವಿಡೀ ನಿಂತು ಪುಸ್ತಕ ಜೋಡಿಸುವ ಇವರು ಸಂಜೆ ಅದರಲ್ಲಿ ಒರಗಿ, ಮಗಳು ಗುಂಡಿಯನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡರೇನೇ ಮನುಷ್ಯರಾಗುವುದು. (ದರ್ಜಿಯ ಮನೆಯ ಮಗುವಿಗೆ ಗುಂಡಿಯೆಂದಲ್ಲದೆ ಬೇರೇನು ಹೆಸರಿಡುವುದು?) “ಬೇಡ ಬಿಡಿ,” ಎಂದು ನೆಲ ಒರೆಸಿದೆ. ಗೆರೆ ಪೂರ್ತಿ ಹೋಗಲಿಲ್ಲ, ಆಸೆಯೂ ಹೋಗಲಿಲ್ಲ. ಅತ್ತೆ ಗೆರೆಯನ್ನು ಬಳಸಿಕೊಂಡು ಓಡಾಡಿದರು. ಗುಂಡಿ ಅದರ ನಡುವೆ ಕೂತು “ಡುರ್ರ್” ಎಂದಿತು.

ಶನಿವಾರ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಕುರ್ಚಿ ಮಾಯ.

“ರೀ, ಕುರ್ಚಿ ಎಲ್ಲಿ?”

“ಲೈಬ್ರರಿಗೆ ಕೊಟ್ಟೆ. ಓದೋಕೆ ಬರೋ ಮುದುಕರು ಕೂತ್ಕೋತಾರೆ.”

“ಮತ್ತೆ ನೀವು?”

“ನಾನಿನ್ನೂ ಮುದುಕ ಆಗಿಲ್ವಲ್ಲೇ. ಹೋಗು, ಡಾಕ್ಟರಿಗೆ ಫೋನ್ ಮಾಡು.”

ಅಡುಗೆಮನೆಗೆ ಓಡಿ ಕಣ್ಣೊರೆಸಿಕೊಂಡೆ. ಕೈಗೆ ಸಿಕ್ಕದ್ದು ಟೇಪು, ಅದರಲ್ಲೇ.

ಭಾನುವಾರ ಡಾಕ್ಟರೇ ಗಾಡಿ ಓಡಿಸಿಕೊಂಡು ಬಂದು, ಕೀ ನನ್ನ ಕೈಗಿಟ್ಟು ಹೋದರು. ಒಳಗೆ ತಳ್ಳಿ ಮುಂದಿನ ಚಕ್ರವನ್ನು ಗೆರೆಗೆ ಸರಿಯಾಗಿ ನಿಲ್ಲಿಸಿದೆವು. ಹಿಂದಿನ ಚಕ್ರ ತೊಟ್ಟಿಲನ್ನೂ ದಾಟಲಿಲ್ಲ! ಅಪ್ಪನ ಅಂಗಿ ತೊಟ್ಟ ಮಗುವಿನಂತೆ ಗಾಡಿ ನನ್ನ ನಕ್ಷೆಯೊಳಗೆ ನಿಂತಿತ್ತು. ಆಚೆ ಎರಡು ಆರಾಮ ಕುರ್ಚಿ ಹಾಕುವಷ್ಟು ಜಾಗ ಬಾಯಿ ತೆರೆದುಕೊಂಡಿತ್ತು.

ಅತ್ತೆ ಗೆರೆಯ ಬಾಲದವರೆಗೂ ನಡೆದು ನೋಡಿ, “ಏನು ತಾಯೀ, ಒಗೆದ ಮೇಲೆ ಕುಗ್ಗುತ್ತೆ ಅಂತ ಒಂದಿಷ್ಟು ಜಾಸ್ತಿ ಇಟ್ಟಿದ್ಯಾ?” ಎಂದರು.

“ಹೇಗೆ ಅಳೆದೆ, ತೋರ್ಸು,” ಎಂದರು ಇವರು.

ತೋರಿಸಿದೆ. ಚಕ್ರದ ಬೆನ್ನು ಹತ್ತಿ, ದೀಪದ ಮೂಗು ಬಳಸಿ, ಟ್ಯಾಂಕಿನ ಉಬ್ಬು ಏರಿ, ಸೀಟಿನ ತಗ್ಗಿಗಿಳಿದು, ಮಡ್‌ಗಾರ್ಡಿನ ಮೇಲಿಂದ ಜಾರಿ… ತೋರಿಸುತ್ತಿದ್ದಂತೆ ನನ್ನ ಕೈ ತಾನಾಗಿ ನಿಂತಿತು. ಮೋಟಾರ್ ಸೈಕಲ್ಲಿಗೆ ಅಂಗಿ ಹೊಲಿಯುವುದಾಗಿದ್ದರೆ ಕರಾರುವಾಕ್ಕಾದ ಅಳತೆ.

ಇವರು ನಕ್ಕರು, ನಕ್ಕರು, ನಿಲ್ಲಲಾರದಷ್ಟು ನಕ್ಕರು. ಕೂರಲು ಹಿಂದೆ ಕೈಚಾಚಿದರೆ ಕುರ್ಚಿಯಿಲ್ಲ. ಹತ್ತಿರ ಸಿಕ್ಕದ್ದು ನನ್ನ ಗಾಡಿ. ಹತ್ತಿದರು. “ಆಹಾ, ಆರಾಮಾಗಿದೆ ಕಣೇ!”

ಆ ಕುರ್ಚಿಯನ್ನು ವಾಪಸ್ ಕೇಳುವಂತಿಲ್ಲ. ಲೈಬ್ರರಿಯ ಹಿರಿಯರೊಬ್ಬರು ಬೆಳಿಗ್ಗೆಯೇ ಅದರ ಮೇಲೆ ಕೊಡೆಯಿಟ್ಟು ಕಾದಿರಿಸುತ್ತಾರಂತೆ. ಈ ಸಂಜೆ ನಾನು ಬಟ್ಟೆಯ ಚೀಲ ಹೆಗಲಿಗೇರಿಸಿ, “ರೀ, ಇಳೀರಿ,” ಎಂದೆ.

“ಶ್!” ಎಂದರು. ಗುಂಡಿ ಅವರೆದೆಗೆ ಒರಗಿ, ಟ್ಯಾಂಕಿನ ಮೇಲೆ ಎರಡೂ ಅಂಗೈ ಚೆಲ್ಲಿ ನಿದ್ದೆಹೋಗಿತ್ತು.

ಬಸ್ಸಿಗೇ ಹೋಗಿಬಂದೆ. ಕಾಲಿಡಲು ಜಾಗವಿರಲಿಲ್ಲ, ಯಾರದೋ ಮೊಣಕೈ ನನ್ನ ಪಕ್ಕೆಯ ಅಳತೆ ತೆಗೆಯುತ್ತಿತ್ತು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ನನ್ನದೇ ಒಂದು ಮೋಟಾರ್ ಸೈಕಲ್ ಇದೆ, ಅದರ ತುಂಬ ನನ್ನವರೇ ಕೂತಿದ್ದಾರೆ.